ನಿದ್ರೆಗೆಡಿಸುವ ಚಿಂತೆಗಳು: ತೋಟದ ಯಜಮಾನರಿಗೆ ಕೆಲವು ಸೂಚನೆಗಳು

ಈ ಪತ್ರಿಕೆಯಲ್ಲಿ ಗೊಬ್ಬರ, ಬೀಜ, ರೋಗನಿವಾರಣೆ ಮೊದಲಾದ ವಿಷಯಗಳನ್ನು ಓದುವ ಅಭ್ಯಾಸವುಳ್ಳ ವಾಚಕಮಹಾಶಯರಿಗೆ ನಿದ್ರೆಯ ಮೇಲೊಂದು ಲೇಖನವನ್ನು ಕಂಡು ಆಶ್ಚರ್ಯವಾಗಬಹುದು. ನಿದ್ರೆಯು ವೈದ್ಯರಿಗೆ ಸೇರಿದ ವಿಷಯ, ಕೃಷಿ ಇಲಾಖೆಗೆ ಅದರಲ್ಲೇನು ಕೆಲಸವೆಂದು ಕೇಳುವವರೂ ಉಂಟು. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ತೋಟಗಳನ್ನು ಸುತ್ತುವ ಇನ್ಸ್‌ಪೆಕ್ಟರಿಗೆ ಒಂದು ಸಂಗತಿಯು ಬಲು ಬೇಗನೆ ಮನದಟ್ಟಾಗುತ್ತದೆ. ಹೇಗೆಂದರೆ, ತೋಟಕ್ಕೆ ಹಾನಿಯನ್ನು ತರುವ ನಿರ್ಧಾರಗಳಲ್ಲಿ ಅನೇಕವು ರಾತ್ರಿ ಎರಡು ಗಂಟೆಯ ಹೊತ್ತಿಗೆ ಹಾಸಿಗೆಯ ಮೇಲೆ ಹುಟ್ಟತಕ್ಕವು. ಬೆಳೆ ಕೈಗೆ ಬರುವುದಕ್ಕೆ ಮೊದಲೇ ಹೆದರಿ ಚೇಣಿದಾರನಿಗೆ ಕಡಮೆ ದರಕ್ಕೆ ಒಪ್ಪಿಸಿಬಿಡುವುದು, ಪಕ್ಕದ ತೋಟದಲ್ಲಿ ಎಲೆಚುಕ್ಕಿ ಬಂದಿತೆಂಬ ಮಾತ್ರಕ್ಕೆ ಅಂಗಡಿಯವನು ಕೊಟ್ಟ ಔಷಧಿಗಳನ್ನೆಲ್ಲ ಒಂದೇ ಪೀಪಾಯಿಗೆ ಸುರಿದು ಸಿಂಪಡಿಸುವುದು, ಸೊಸೈಟಿಯ ಕಂತಿಗಾಗಿ ಹೆಚ್ಚು ಬಡ್ಡಿಯ ಕೈಸಾಲವನ್ನು ತರುವುದು, ಇಂಥವನ್ನು ಬೆಳಗ್ಗೆ ಎದ್ದು ನೆಮ್ಮದಿಯಾಗಿ ಕುಳಿತು ಯೋಚಿಸಿದವರು ಅಪರೂಪವಾಗಿ ಮಾಡುತ್ತಾರೆ. ಆದುದರಿಂದ ನಿದ್ರಾಭಂಗವನ್ನು ಬೇಸಾಯದ ಒಂದು ಪಿಡುಗೆಂದೇ ಎಣಿಸಿ ಇಲ್ಲಿ ವಿಚಾರಮಾಡುವುದು ಅಯುಕ್ತವಾಗಲಾರದು.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಆದರೆ ಚಿಂತೆಯೇ ಇಲ್ಲದ ಜಮೀನುದಾರನನ್ನು ಶರಾವತಿಯ ಈ ದಡದಲ್ಲಾಗಲಿ ಆ ದಡದಲ್ಲಾಗಲಿ ಹುಡುಕಿ ತೆಗೆಯುವುದು ಕಷ್ಟ. ಸಿಗಂದೂರು ಸೇರಿರುವ ಕರೂರು ಹೋಬಳಿಯನ್ನೇ ನೋಡಬಹುದು. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿದು ಹಿನ್ನೀರು ಏರಿದಾಗ ಗದ್ದೆತೋಟಗಳು ಮುಳುಗಿದವು; ಉಳಿದ ಊರುಗಳು ತಾಲ್ಲೂಕಿನ ಕಸಬೆಯಿಂದ ನೀರಿನ ಆಚೆಗೆ ಬಿದ್ದವು. ಮುಳುಗಡೆಯ ಕುಟುಂಬಗಳಲ್ಲಿ ಹಕ್ಕುಪತ್ರದ ಪ್ರಶ್ನೆ ಇಂದಿಗೂ ಪೂರ್ತಿಯಾಗಿ ತೀರದೆ ಉಳಿದವು ಬಹಳ. ಸಂಜೆ ಲಾಂಚು ನಿಂತ ಮೇಲೆ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ, ಹೆರಿಗೆಯ ಬೇನೆ ಎದ್ದರೆ ಏನು ಗತಿ ಎಂಬುದು ಆ ಕಡೆಯ ಯಜಮಾನರನ್ನು ದಶಕಗಳ ಕಾಲ ರಾತ್ರಿ ಎಬ್ಬಿಸಿದ ಚಿಂತೆ. 2025ರ ಜುಲೈ 14ರಂದು ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಮೀರಿದ ಸೇತುವೆಯು ಸಂಚಾರಕ್ಕೆ ತೆರೆದ ಮೇಲೆ ಈ ಒಂದು ಚಿಂತೆಗೆ ಪರಿಹಾರವಾಯಿತು. ಆದರೆ ಸೇತುವೆಯಿಂದ ಕೊಳೆರೋಗ ನಿಲ್ಲುವುದಿಲ್ಲ, ಹಳದಿ ಎಲೆ ರೋಗಕ್ಕೆ ಔಷಧಿ ಸಿಗುವುದಿಲ್ಲ, ಕೊನೆಗಾರರ ಕೊರತೆ ನೀಗುವುದಿಲ್ಲ, ಬೆಂಗಳೂರಿಗೆ ಹೋದ ಮಗನು ತೋಟಕ್ಕೆ ಹಿಂದಿರುಗುವನೋ ಇಲ್ಲವೋ ಎಂಬುದೂ ಇತ್ಯರ್ಥವಾಗುವುದಿಲ್ಲ.

ಹೀಗೆ ಚಿಂತೆಯ ಕಾರಣಗಳು ನಿಜವಾದವು. ಆದ್ದರಿಂದ 'ಚಿಂತೆ ಬಿಡಿ, ಮಲಗಿ' ಎಂಬ ಉಪದೇಶದಿಂದ ಯಾರಿಗೂ ಪ್ರಯೋಜನವಾಗದು. ಅಷ್ಟೇಕೆ, ಅದರಿಂದ ಕೆಡುಕೂ ಉಂಟು. ಮದ್ದು ಕುಡಿಯುವಾಗ ಕೋತಿಯನ್ನು ನೆನೆಯಬೇಡವೆಂದು ವೈದ್ಯನು ಹೇಳಿದ್ದರಿಂದ ರೋಗಿಗೆ ಪ್ರತಿ ಸಲ ಬಟ್ಟಲೆತ್ತಿದಾಗಲೂ ಕೋತಿಯೇ ಕಂಡಿತೆಂಬ ಕಥೆಯನ್ನು ನಮ್ಮ ಹಿರಿಯರು ಹೇಳುತ್ತಿದ್ದರು. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಅಮೆರಿಕದ ಪಂಡಿತರು ಇದನ್ನೇ ಪ್ರಯೋಗಕ್ಕೆ ಒಡ್ಡಿ ನೋಡಿದರು. ಬಿಳಿಯ ಕರಡಿಯನ್ನು ನೆನೆಯಬಾರದೆಂದು ವಿದ್ಯಾರ್ಥಿಗಳಿಗೆ ಹೇಳಿ, ನೆನಪು ಬಂದಾಗಲೆಲ್ಲ ಗಂಟೆ ಬಾರಿಸುವಂತೆ ಏರ್ಪಡಿಸಿದರು. ಗಂಟೆಯು ಮತ್ತೆ ಮತ್ತೆ ಬಾರಿಸಿತು. ಹಾಸಿಗೆಯ ಮೇಲೆ ಕಣ್ಣುಮುಚ್ಚಿ 'ಸಾಲದ ಯೋಚನೆ ಬೇಡ, ಬೇಡ' ಎಂದು ಹಲ್ಲುಕಚ್ಚುವವರ ಪಾಡೂ ಇದೇ.

ಮನಸ್ಸು ಹಗಲು ಬಿಟ್ಟು ರಾತ್ರಿಯಲ್ಲೇ ಏಕೆ ಈ ಕಾಟವನ್ನು ಕೊಡುತ್ತದೆ? ಹಗಲಿನಲ್ಲಿ ಆಳುಗಳು, ದನಕರು, ನೆಂಟರು, ಫೋನು ಇವುಗಳ ಗದ್ದಲದಲ್ಲಿ ಅದಕ್ಕೆ ಬಿಡುವಿಲ್ಲ. ದೀಪವಾರಿದೊಡನೆ ಮುಗಿಯದೆ ಉಳಿದ ಕೆಲಸಗಳೆಲ್ಲ ಸರದಿಯಲ್ಲಿ ಬಂದು ನಿಲ್ಲುತ್ತವೆ. ಮುಗಿದ ಕೆಲಸವನ್ನು ಮನಸ್ಸು ಬೇಗ ಮರೆಯುವುದೆಂದೂ ಅರ್ಧಕ್ಕೆ ನಿಂತುದನ್ನು ಹಿಡಿದುಕೊಂಡಿರುವುದೆಂದೂ ಬ್ಲೂಮಾ ಜೈಗಾರ್ನಿಕ್ ಎಂಬ ವಿದುಷಿಯು 1927ರಲ್ಲಿಯೇ ಬರೆದಿದ್ದಾರೆ. ಅಂಗಡಿಯ ಲೆಕ್ಕದಲ್ಲಿ ಚುಕ್ತಾ ಆದ ಬಾಕಿಯನ್ನು ಯಾರೂ ನೆನೆಯುವುದಿಲ್ಲವಷ್ಟೆ. ಅದಲ್ಲದೆ ಮುಂದೇನೆಂದು ತಿಳಿಯದಿರುವುದು ಕೆಟ್ಟ ಸುದ್ದಿಗಿಂತಲೂ ಹೆಚ್ಚಾಗಿ ನಿದ್ರೆಯನ್ನು ಕೆಡಿಸುತ್ತದೆ.

ಮಹಾಭಾರತದ ಉದ್ಯೋಗಪರ್ವದಲ್ಲಿ ಪ್ರಜಾಗರಪರ್ವವೆಂಬುದೊಂದುಂಟು. ಎಚ್ಚರವಿರುವುದೆಂದೇ ಅದರ ಹೆಸರಿನ ಅರ್ಥ. ಪಾಂಡವರಲ್ಲಿಗೆ ಹೋಗಿ ಬಂದ ಸಂಜಯನು ಅವರ ಮಾತನ್ನು ನಾಳೆ ಸಭೆಯಲ್ಲಿ ಹೇಳುವೆನೆಂದು ಹೊರಟುಹೋಗುತ್ತಾನೆ. ಏನು ಹೇಳುವನೋ ಎಂದು ಧೃತರಾಷ್ಟ್ರನಿಗೆ ಮೈ ಉರಿದು ನಿದ್ರೆ ಬಾರದೆ, ವಿದುರನನ್ನು ಕರೆಸಿ ರಾತ್ರಿಯೆಲ್ಲ ನೀತಿಯನ್ನು ಕೇಳುತ್ತಾನೆ. ವಿದುರನು ಹೇಳಿದುದನ್ನು ನಮ್ಮವರು ಬಾಯಿಪಾಠ ಮಾಡಿದ್ದಾರೆ. ಆದರೆ ಈ ಪ್ರಸಂಗದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಬೇರೆ. ಮಾಡಬೇಕಾದುದೇನೆಂದು ರಾಜನಿಗೆ ತಿಳಿದೇ ಇತ್ತು. ಪಾಂಡವರ ಪಾಲನ್ನು ಕೊಟ್ಟುಬಿಡುವುದು. ಅದನ್ನು ಮಾಡದೆ ಕೇಳುತ್ತ ಕುಳಿತವನಿಗೆ ಎಷ್ಟು ನೀತಿವಾಕ್ಯಗಳಿಂದಲೂ ನಿದ್ರೆ ಬರಲಿಲ್ಲ. ಅಣ್ಣತಮ್ಮಂದಿರ ಪಾಲುಪಟ್ಟಿಯನ್ನು ವರ್ಷಗಟ್ಟಲೆ ಮುಂದೂಡುತ್ತ ನಿದ್ರೆ ಬಾರದೆಂದು ಗುಳಿಗೆ ಹುಡುಕುವ ಯಜಮಾನರು ಇದನ್ನು ಗಮನಿಸಬಹುದು.

ಈಗ ತೋಟದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಆಷಾಢದ ನಡುರಾತ್ರಿ; ಹಂಚಿನ ಮೇಲೆ ಮಳೆ ಎಡೆಬಿಡದೆ ಹೊಯ್ಯುತ್ತಿದೆ. ಯಜಮಾನರಿಗೆ ಎಚ್ಚರವಾಗುತ್ತದೆ. ಹೊಡೆಸಿದ ಔಷಧಿಯೆಲ್ಲ ತೊಳೆದುಹೋಯಿತು, ನಾಳೆ ಕಾಯಿ ಉದುರುತ್ತದೆ, ಈ ವರ್ಷ ಮೂರನೆಯ ಒಂದಂಶ ಹೋಯಿತು, ಸಾಲ ತೀರಲಿಲ್ಲ, ಮಗಳ ಮದುವೆ ನಿಂತಿತು. ಒಂದು ಹನಿಯ ಸದ್ದಿನಿಂದ ಹೊರಟ ಯೋಚನೆಯು ಅರ್ಧ ಗಂಟೆಯಲ್ಲಿ ಮನೆಯನ್ನೇ ಹರಾಜು ಹಾಕಿಸುತ್ತದೆ! ಇದರಲ್ಲಿ ಮೊದಲನೆಯ ಮಾತು ನಿಜವೇ ಎಂದು ಆ ಹೊತ್ತಿನಲ್ಲಿ ಯಾರೂ ಪರೀಕ್ಷಿಸುವುದಿಲ್ಲ.

ವಸ್ತುಸ್ಥಿತಿಯು ಹೀಗಿದೆ. 1908ರಲ್ಲಿ ಮೈಸೂರು ಸಂಸ್ಥಾನದ ನೌಕರಿಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಸಾಹೇಬರು ಮಲೆನಾಡಿನ ಕೊಳೆರೋಗವನ್ನು ಪರಿಶೀಲಿಸಿ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದಂದಿನಿಂದ ಅದರ ಗುಣವು ಚೆನ್ನಾಗಿ ತಿಳಿದಿದೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಎಂಬ ಶೇಕಡಾ ಒಂದರ ದ್ರಾವಣವನ್ನು ಸರಿಯಾಗಿ ತಯಾರಿಸಿ, ಗೊನೆಯೆಲ್ಲ ನೆನೆಯುವಂತೆ ಸಿಂಪಡಿಸಿ, ಅದು ಕಾಯಿಯ ಮೇಲೆ ಚೆನ್ನಾಗಿ ಒಣಗಿದ್ದಾದರೆ, ಒಂದು ರಾತ್ರಿಯ ಮಳೆಗೆ ಅದು ತೊಳೆದುಹೋಗುವುದಿಲ್ಲ. ಮುಂಗಾರಿಗೆ ಮುಂಚೆ ಮೊದಲನೆಯದು, ಅದಾದ ನಲವತ್ತು ನಲವತ್ತೈದು ದಿನಗಳಿಗೆ ಎರಡನೆಯದು ಎಂಬ ಕ್ರಮವು ಈ ಗುಣವನ್ನೇ ಆಧರಿಸಿದೆ. ಆದ್ದರಿಂದ ಯಜಮಾನರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಯಾವ ತಾರೀಕಿಗೆ ಹೊಡೆಸಿದೆ, ಆಮೇಲೆ ಎಷ್ಟು ಗಂಟೆ ಬಿಡುವಿತ್ತು? ಇದಕ್ಕೆ ಉತ್ತರವು ಸಿಂಪರಣೆಯ ದಿನಚರಿಯಲ್ಲಿದ್ದರೆ ನೋಡಿ ಮಲಗಬಹುದು. ಅವಧಿ ಮೀರಿದ್ದರೆ, ಬೆಳಗ್ಗೆ ಕೊನೆಗಾರನಿಗೆ ಹೇಳಿಕಳುಹಿಸಿ ಹೊಳವಾದೊಡನೆ ಎರಡನೆಯ ಸಿಂಪರಣೆ ಮಾಡಿಸುವುದು. ದಿನಚರಿಯನ್ನೇ ಇಟ್ಟಿರದವರಿಗೆ ಮಾತ್ರ ರಾತ್ರಿಯೆಲ್ಲ ಅದು ಪ್ರಶ್ನೆಯಾಗಿಯೇ ಉಳಿಯುತ್ತದೆ. ಇಲಾಖೆಯವರು ತಾರೀಕು ಬರೆದಿಡಿರೆಂದು ಹೇಳುವುದು ಕೇವಲ ತಪಾಸಣೆಗಾಗಿ ಎಂದು ಕೆಲವರು ತಿಳಿದಿರುವುದು ಸರಿಯಲ್ಲ.

ಮಿಕ್ಕ ಚಿಂತೆಗಳಿಗೂ ಇದೇ ಉಪಾಯವನ್ನು ವಿಸ್ತರಿಸಬಹುದು. ಚಿಂತೆಗೆ ಹಗಲಿನಲ್ಲಿ ಒಂದು ಹೊತ್ತನ್ನು ಗೊತ್ತುಮಾಡಿ ಕೊಡತಕ್ಕದ್ದು. ಥಾಮಸ್ ಬೋರ್ಕೋವೆಕ್ ಎಂಬವರೂ ಅವರ ಸಂಗಡಿಗರೂ 1983ರಲ್ಲಿ ಈ ಕ್ರಮವನ್ನು ಪರೀಕ್ಷಿಸಿ ಪ್ರಕಟಿಸಿದರು. ಅಂದಿನಿಂದ ಅನೇಕ ವೈದ್ಯರು ಇದನ್ನು ಬಳಸುತ್ತಿದ್ದಾರೆ. ಸಂಜೆ ದೀಪ ಹಚ್ಚುವುದಕ್ಕೆ ಮುಂಚೆ ಅರ್ಧ ಗಂಟೆ, ಮಲಗುವ ಕೋಣೆಯಲ್ಲದ ಕಡೆ, ಜಗಲಿಯ ಮೇಲೋ ಮೇಜಿನ ಮುಂದೋ, ಒಂದು ನೋಟುಪುಸ್ತಕವನ್ನಿಟ್ಟುಕೊಂಡು ಕುಳಿತುಕೊಳ್ಳಬೇಕು. ಮನಸ್ಸಿನಲ್ಲಿರುವುದನ್ನೆಲ್ಲ ಎಡಗಡೆಯ ಪುಟದಲ್ಲಿ ಬರೆಯಬೇಕು. ಒಂದೊಂದರ ಎದುರಿಗೂ ಬಲಗಡೆಯಲ್ಲಿ, ಅದಕ್ಕೆ ನಾನು ಮಾಡಬಹುದಾದ ಮೊದಲ ಕೆಲಸವೇನು, ಯಾವ ದಿನ, ಯಾರನ್ನು ಕಾಣಬೇಕು ಎಂದು ಬರೆಯಬೇಕು. ಮಾಡಲು ಏನೂ ಇಲ್ಲದಿದ್ದರೆ 'ಕೈಯಲ್ಲಿಲ್ಲ' ಎಂದೇ ಬರೆಯಬೇಕು.

ಇದನ್ನು ಸುಲಭವೆಂದು ತಿಳಿಯಬಾರದು; ಬರೆಯುವ ರೀತಿಯಲ್ಲಿಯೇ ಫಲವಿದೆ. 'ಸಾಲದ ವಿಷಯ ನೋಡಬೇಕು' ಎಂದು ಬರೆದರೆ ಅದು ಚಿಂತೆಯಾಗಿಯೇ ಉಳಿಯಿತು. 'ಸೋಮವಾರ ಸೊಸೈಟಿಯ ಕಾರ್ಯದರ್ಶಿಗಳನ್ನು ಕಂಡು, ಕಂತಿಗೆ ಎಷ್ಟು ದಿನ ಅವಕಾಶವಿದೆಯೆಂದು ಕೇಳುವುದು. ಪಹಣಿಯ ಪ್ರತಿಯನ್ನು ಒಯ್ಯುವುದು' ಎಂದು ಬರೆದರೆ ಕೆಲಸವಾಯಿತು. 'ಅಡಿಕೆಯ ದರ ಬಿದ್ದೀತು' ಎಂಬುದರ ಎದುರಿಗೆ ದರವು ಕೈಯಲ್ಲಿಲ್ಲವೆಂದು ಬರೆಯಬೇಕಾಗುತ್ತದೆ. ಆದರೆ ಅದರ ಕೆಳಗೇ, ಒಮ್ಮೆಗೆ ಎಲ್ಲವನ್ನೂ ಮಾರದೆ ಸಹಕಾರ ಸಂಘದಲ್ಲಿ ಸರಕನ್ನಿಟ್ಟು ಎಷ್ಟು ಮುಂಗಡ ದೊರೆಯುವುದೆಂದು ವಿಚಾರಿಸುವುದು ಕೈಯಲ್ಲಿದೆ. ಮಳೆಯು ಕೈಯಲ್ಲಿಲ್ಲ, ಹವಾಮಾನ ಆಧಾರಿತ ಬೆಳೆವಿಮೆಯ ಕಂತಿಗೆ ಕಡೆಯ ದಿನ ಯಾವುದೆಂದು ತಿಳಿದು ಕಟ್ಟುವುದು ಕೈಯಲ್ಲಿದೆ. ಮಗನ ಮನಸ್ಸು ಕೈಯಲ್ಲಿಲ್ಲ. ಅವನು ಹಬ್ಬಕ್ಕೆ ಬಂದಾಗ ಕೋಪವಿಲ್ಲದೆ ಒಂದು ಮಾತು ಕೇಳುವುದು ಕೈಯಲ್ಲಿದೆ. ನೋಟುಪುಸ್ತಕದಲ್ಲಿ ಹಲವು ದಿನ ಒಂದೇ ಕೆಲಸ ಮುಂದೆ ಮುಂದೆ ಹೋಗುತ್ತಿದ್ದರೆ, ನಿದ್ರೆ ಕೆಡಿಸುತ್ತಿರುವ ಕಳ್ಳನು ಅದೇ ಎಂದು ತಿಳಿದು ಅದನ್ನೇ ಮೊದಲು ಹಿಡಿಯಬೇಕು.

ಅಮೆರಿಕದ ಬೇಲರ್ ವಿಶ್ವವಿದ್ಯಾನಿಲಯದಲ್ಲಿ 57 ಮಂದಿ ತರುಣರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಇಲ್ಲಿ ಹೇಳಬಹುದು. ಮಲಗುವ ಮುನ್ನ ಐದು ನಿಮಿಷ, ಅರ್ಧದಷ್ಟು ಜನರು ಮುಂದಿನ ದಿನಗಳಲ್ಲಿ ಮಾಡಬೇಕಾದ ಕೆಲಸಗಳನ್ನೂ ಉಳಿದವರು ಮಾಡಿ ಮುಗಿಸಿದವುಗಳನ್ನೂ ಬರೆದರು. ಮಾಡಬೇಕಾದುದನ್ನು ಬರೆದವರಿಗೆ ಸರಾಸರಿ ಒಂಬತ್ತು ನಿಮಿಷ ಮುಂಚಿತವಾಗಿ ನಿದ್ರೆ ಹತ್ತಿತು. ಹೆಚ್ಚು ವಿವರವಾಗಿ ಬರೆದವರಿಗೆ ಇನ್ನೂ ಬೇಗ. ಒಂಬತ್ತು ನಿಮಿಷವೆಂದರೆ ದೊಡ್ಡ ಲಾಭವೇನೂ ಅಲ್ಲವೆನ್ನಬಹುದು. ಐದು ನಿಮಿಷದ ಬಂಡವಾಳಕ್ಕೆ ಆ ಹುಟ್ಟುವಳಿ ಕಡಮೆಯೆಂದು ನಾನು ಹೇಳಲಾರೆ.

ಸಿಗಂದೂರಿನ ಮಾತು ಬಂದಾಗ ಇನ್ನೊಂದು ಸಂಗತಿಯನ್ನು ನೆನೆಯದಿರಲಾಗದು. ಈ ಸೀಮೆಯ ತೋಟದ ಬೇಲಿಗಳಲ್ಲಿಯೂ ಮನೆಗಳ ಮುಂದೆಯೂ ಶ್ರೀ ಚೌಡೇಶ್ವರಿ ದೇವಿಯ ಕಾವಲಿದೆಯೆಂಬ ಫಲಕಗಳನ್ನು ಎಲ್ಲರೂ ಕಂಡಿದ್ದಾರೆ. ಕೊಯ್ಲಿನ ಕಾಲದಲ್ಲಿ ಅಂಗಳದಲ್ಲಿ ಹರಡಿದ ಅಡಿಕೆಗೆ ಕಳ್ಳರ ಭಯವಿರುವ ಯಜಮಾನನು ಅಲ್ಲಿಗೆ ಹೋಗಿ ಹರಕೆ ಹೊತ್ತು ಫಲಕವನ್ನು ತಂದು ಕಟ್ಟುತ್ತಾನೆ. ಕಳ್ಳನ ಮನಸ್ಸಿನ ಮೇಲೆ ಅದು ಮಾಡುವ ಪರಿಣಾಮದ ಚರ್ಚೆ ಇಲ್ಲಿ ಬೇಡ. ಯಜಮಾನನ ಮನಸ್ಸಿನ ಮೇಲೆ ಆಗುವ ಪರಿಣಾಮವು ಸ್ಪಷ್ಟವಾಗಿದೆ: ರಾತ್ರಿಯ ಕಾವಲನ್ನು ತನಗಿಂತ ಸಮರ್ಥರಾದವರಿಗೆ ವಹಿಸಿದೆನೆಂಬ ಭಾವದಿಂದ ಅವನು ಮಲಗುತ್ತಾನೆ. ಫಲಕ ಕಟ್ಟಿದವರಾರೂ ಉಗ್ರಾಣದ ಬೀಗ ಹಾಕುವುದನ್ನು ಬಿಟ್ಟಿಲ್ಲವೆಂಬುದೂ ಗಮನಾರ್ಹ. ತನ್ನ ಕೈಯಲ್ಲಿರುವುದನ್ನು ಸಂಜೆಯೊಳಗೆ ಮಾಡಿ, ಇಲ್ಲದುದನ್ನು ಒಪ್ಪಿಸಿಬಿಡುವ ಈ ಕ್ರಮವೂ ಮೇಲೆ ಹೇಳಿದ ನೋಟುಪುಸ್ತಕದ ಎರಡು ಪುಟಗಳೂ ಬೇರೆಬೇರೆಯಲ್ಲ. ದೇವರಲ್ಲಿ ನಂಬಿಕೆಯುಳ್ಳವರು 'ಕೈಯಲ್ಲಿಲ್ಲ' ಎಂದು ಬರೆದ ಕಡೆ ಒಪ್ಪಿಸಿದವರ ಹೆಸರನ್ನೂ ಬರೆಯಬಹುದು.

ಇಷ್ಟು ಮಾಡಿದ ಮೇಲೂ ನಡುರಾತ್ರಿ ಎಚ್ಚರವಾದರೆ? ಮೊದಲನೆಯದಾಗಿ ಗಾಬರಿಪಡಬಾರದು. ವಯಸ್ಸು ನಲವತ್ತೈವತ್ತು ದಾಟಿದವರಿಗೆ ರಾತ್ರಿ ಒಂದೆರಡು ಬಾರಿ ಎಚ್ಚರವಾಗುವುದು ಸಹಜ. ಗಡಿಯಾರವನ್ನಾಗಲಿ ಮೊಬೈಲನ್ನಾಗಲಿ ನೋಡಬಾರದು. 'ಮೂರು ಗಂಟೆಯಾಯಿತು, ಇನ್ನು ಎರಡೇ ಗಂಟೆ ಉಳಿದಿದೆ' ಎಂಬ ಲೆಕ್ಕವೇ ಹೊಸ ಚಿಂತೆಯಾಗುತ್ತದೆ. ಸುಮಾರು ಇಪ್ಪತ್ತು ನಿಮಿಷ ಕಳೆದಂತೆ ತೋರಿಯೂ ನಿದ್ರೆ ಬಾರದಿದ್ದರೆ ಎದ್ದು ಬೇರೆ ಕಡೆ, ಮಂದವಾದ ಬೆಳಕಿನಲ್ಲಿ ಕುಳಿತುಕೊಳ್ಳಬೇಕು. ಜಪ, ನಿಧಾನವಾಗಿ ಉಸಿರನ್ನು ಬಿಡುವುದು, ಹಳೆಯ ಪುಸ್ತಕ, ಮನಸ್ಸನ್ನು ಕೆರಳಿಸದ ಏನಾದರೂ ಸರಿ. ಅಡಿಕೆಯ ಧಾರಣೆಯ ಸಂದೇಶಗಳು ಮಾತ್ರ ಬೇಡ. ಕಣ್ಣು ಎಳೆಯತೊಡಗಿದಾಗ ಹಿಂದಿರುಗಿ ಮಲಗಬೇಕು. ಬಾರದಿದ್ದರೆ ಮತ್ತೆ ಏಳಬೇಕು. ಹಾಸಿಗೆಯು ನಿದ್ರೆಯ ಜಾಗವೆಂದು ಶರೀರಕ್ಕೆ ಪುನಃ ಕಲಿಸುವ ಈ ವಿಧಾನವನ್ನು 1972ರಲ್ಲಿ ರಿಚರ್ಡ್ ಬೂಟ್ಜಿನ್ ಎಂಬವರು ತಿಳಿಸಿದರು. ಕೊಟ್ಟಿಗೆಗೆ ಬಂದ ಹೊಸ ಹಸುವು ತನ್ನ ಗೂಟವನ್ನು ಗುರುತು ಹಿಡಿಯುವಂತೆ ಇದಕ್ಕೂ ಕೆಲವು ವಾರಗಳು ಬೇಕು. ಚಿಂತೆ ಬಂದರೆ 'ನಿನ್ನ ಹೊತ್ತು ನಾಳೆ ಸಂಜೆ' ಎಂದು ಅದಕ್ಕೆ ಹೇಳಿ, ತೀರ ಹೊಸದಾಗಿದ್ದರೆ ಒಂದು ಚೀಟಿಯಲ್ಲಿ ಒಂದು ಸಾಲು ಬರೆದಿಡಬಹುದು.

ರಾತ್ರಿ ಎಷ್ಟೇ ಹೊತ್ತಿಗೆ ನಿದ್ರೆ ಬಂದಿರಲಿ, ಬೆಳಗ್ಗೆ ಏಳುವ ಹೊತ್ತು ಒಂದೇ ಇರತಕ್ಕದ್ದು. ನಿದ್ರೆ ಕೆಟ್ಟಿತೆಂದು ಎಂಟು ಗಂಟೆಯವರೆಗೆ ಮಲಗಿದರೆ, ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ಒರಗಿದರೆ, ಆ ರಾತ್ರಿಯ ಹಸಿವನ್ನು ಹಗಲೇ ತಿಂದು ಮುಗಿಸಿದಂತಾಗುತ್ತದೆ. ಬೆಳಗಿನ ಬಿಸಿಲಿನಲ್ಲಿ ತೋಟ ಸುತ್ತುವುದು ಇದಕ್ಕೆ ಒಳ್ಳೆಯ ಸಹಾಯಕ. ಯಜಮಾನರೇ ಸುತ್ತಬೇಕು, ಆಳನ್ನು ಕಳುಹಿಸಿದರೆ ಸಾಲದು.

ಇನ್ನು ಕವಳದ ವಿಷಯ. ಅಡಿಕೆ ಬೆಳೆಯುವವರ ಮುಂದೆ ಇದನ್ನು ಹೇಳುವುದು ಕಷ್ಟವಾದರೂ ಹೇಳದಿರಲಾಗದು. ಅಡಿಕೆಯಲ್ಲಿರುವ ಅರಿಕೋಲಿನ್ ಎಂಬ ಅಂಶವೂ ಹೊಗೆಸೊಪ್ಪಿನ ನಿಕೋಟಿನ್ನೂ ಮೈಯನ್ನು ಎಚ್ಚರಗೊಳಿಸುವಂಥವು. ರಾತ್ರಿ ಎಚ್ಚರವಾದೊಡನೆ ಎದ್ದು ಕವಳ ಹಾಕುವುದು ಆರುವ ಬೆಂಕಿಗೆ ಸೌದೆಯೊಟ್ಟಿದಂತೆ. ಹೊಗೆಸೊಪ್ಪಿನಿಂದಲೂ ಅಡಿಕೆಯಿಂದಲೂ ಬಾಯಿಗೆ ಬರುವ ಕ್ಯಾನ್ಸರಿನ ಅಪಾಯ ಬೇರೆ. ಕಾಫಿ ಚಹಾಗಳ ಸತ್ತ್ವವು ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆಗಳು ಹಿಡಿಯುವುದರಿಂದ, ಸಂಜೆ ಆರಕ್ಕೆ ಕುಡಿದುದರಲ್ಲಿ ಅರ್ಧವು ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತದೆ. ಮದ್ಯದಿಂದ ನಿದ್ರೆ ಬೇಗ ಹತ್ತುವುದು ನಿಜ. ಆದರೆ ಅದು ಇಳಿಯುತ್ತಿದ್ದಂತೆ ರಾತ್ರಿಯ ಎರಡನೆಯ ಭಾಗವೆಲ್ಲ ಒಡೆದುಹೋಗುತ್ತದೆ. ನಿದ್ರೆಯ ಗುಳಿಗೆಯನ್ನು ವೈದ್ಯರ ಚೀಟಿಯಿಲ್ಲದೆ ಯಾರೂ ತೆಗೆದುಕೊಳ್ಳಬಾರದು.

ವಾರದಲ್ಲಿ ಮೂರು ರಾತ್ರಿಗಳಾದರೂ ನಿದ್ರೆಯಿಲ್ಲದೆ ಮೂರು ತಿಂಗಳು ಕಳೆದರೆ ಅದನ್ನು ರೋಗವೆಂದೇ ಎಣಿಸಿ ಚಿಕಿತ್ಸೆಗೆ ಹೋಗಬೇಕು. ಗುಳಿಗೆಗಿಂತ ಮೊದಲು ಮೇಲಿನಂಥ ಅಭ್ಯಾಸಗಳ ಚಿಕಿತ್ಸೆಯನ್ನೇ ಕೊಡಬೇಕೆಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಶಿಫಾರಸು ಮಾಡಿದೆ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಂತಂತಾಗುವವರು ಮಾತ್ರ ಮೂರು ತಿಂಗಳು ಕಾಯದೆ ವೈದ್ಯರನ್ನು ಕಾಣತಕ್ಕದ್ದು.

ಊರಿನ ಮುಖಂಡರಿಗೆ ವಿಶೇಷವಾಗಿ ಹೇಳಬೇಕಾದುದು ಒಂದುಂಟು. ಮೇಲಿನದೆಲ್ಲ ಸಾಧಾರಣ ಚಿಂತೆಗೆ. ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ ಎದ್ದು ಕುಳಿತುಬಿಡುವವನು, ಊಟ ಬೇಡವೆನ್ನುವವನು, ಸಂಘದ ಸಭೆಗೆ ಬರುವುದನ್ನು ನಿಲ್ಲಿಸಿದವನು, ತೋಟದ ಕಡೆ ತಿರುಗಿ ನೋಡದವನು, ತಾನಿದ್ದು ಮನೆಯವರಿಗೆ ಭಾರವೆಂದು ಮಾತಿನ ನಡುವೆ ಅನ್ನುವವನು ನಿಮ್ಮ ಊರಿನಲ್ಲಿದ್ದರೆ, ಅದನ್ನು ಸೋಮಾರಿತನವೆಂದಾಗಲಿ ಸಾಲಗಾರನ ನಾಟಕವೆಂದಾಗಲಿ ಭಾವಿಸಬಾರದು. ಅವನ ಮನೆಗೆ ಹೋಗಿ, ಒಬ್ಬನನ್ನೇ ಕರೆದು, ಬದುಕು ಬೇಡವೆನ್ನಿಸುತ್ತಿದೆಯೇ ಎಂದು ಮೆಲ್ಲಗೆ ನೇರವಾಗಿಯೇ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುವುದೆಂಬ ಭಯಕ್ಕೆ ಆಧಾರವಿಲ್ಲ. ಕೇಳಿಸಿಕೊಂಡವನಿಗೆ ಎದೆಯ ಭಾರ ಇಳಿಯುವುದೇ ಹೆಚ್ಚು. ಹೌದೆಂದರೆ ಅವನನ್ನು ಒಂಟಿಯಾಗಿ ಬಿಡದೆ, ಅಂದೇ ಜೊತೆಯಲ್ಲಿ ಆಸ್ಪತ್ರೆಗೆ ಕರೆದೊಯ್ಯಬೇಕು. ಅಂಥ ಮನೆಯಲ್ಲಿರುವ ಕೀಟನಾಶಕ ಕಳೆನಾಶಕಗಳನ್ನು ಸದ್ಯಕ್ಕೆ ಬೇರೊಬ್ಬರ ಬೀಗದೊಳಗೆ ಇಡಿಸುವುದು ಇಲಾಖೆಯ ದೃಷ್ಟಿಯಿಂದಲೂ ಅತ್ಯಂತ ಅವಶ್ಯಕ. ಸಿಂಹಳದಲ್ಲಿ 1995ರಿಂದ ಮುಂದಕ್ಕೆ ತೀವ್ರ ವಿಷದ ಕೀಟನಾಶಕಗಳನ್ನು ನಿಷೇಧಿಸುತ್ತ ಬಂದುದರಿಂದ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣವು ಅರ್ಧಕ್ಕಿಂತಲೂ ಕೆಳಗೆ ಇಳಿಯಿತು. ಬೇಸಾಯದ ಹುಟ್ಟುವಳಿ ಕುಂದಲಿಲ್ಲ. ಕೆಟ್ಟ ಗಳಿಗೆಯೊಂದನ್ನು ದಾಟಿಸಿದರೆ ಮನುಷ್ಯನು ಉಳಿಯುತ್ತಾನೆಂಬುದಕ್ಕೆ ಇದು ದೊಡ್ಡ ನಿದರ್ಶನ.

ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಗೊತ್ತಾದ ದಿನಗಳಲ್ಲಿ ಬಂದು ನೋಡುವ ಮನೋಚೈತನ್ಯವೆಂಬ ಕಾರ್ಯಕ್ರಮವು ಕರ್ನಾಟಕದಲ್ಲಿದೆ. ತಮ್ಮ ತಾಲ್ಲೂಕಿನ ದಿನವನ್ನು ಆಸ್ಪತ್ರೆಯಲ್ಲಿ ವಿಚಾರಿಸಿ ಊರಿನವರಿಗೆ ತಿಳಿಸಬಹುದು. ಆಸ್ಪತ್ರೆ ದೂರವಾದ ಹೊತ್ತಿಗೆ ಟೆಲಿ-ಮನಸ್ ಎಂಬ ಸರಕಾರದ ದೂರವಾಣಿ ಸೇವೆಯುಂಟು. ಇದು 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. 14416 ಎಂಬ ಸಂಖ್ಯೆಗೆ ಹಗಲುರಾತ್ರಿ ಯಾವ ಹೊತ್ತಿನಲ್ಲಾದರೂ ಹಣವಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಸೊಸೈಟಿಯ ಬಾಗಿಲಲ್ಲಿ ಅಡಿಕೆಯ ಧಾರಣೆಯನ್ನು ಬರೆಯುವ ಹಲಗೆಯ ಮೇಲ್ಗಡೆ ಈ ಸಂಖ್ಯೆಯನ್ನು ದಪ್ಪಕ್ಷರಗಳಲ್ಲಿ ಬರೆಸಬೇಕಾಗಿ ಮುಖಂಡರನ್ನು ಕೇಳಿಕೊಳ್ಳಲಾಗಿದೆ.